ಎರಡು ಅಂಕಿಯ ಜಾಗ

ನನ್ನ ಮೊದಲ ಕೆಲಸ ಚಾಮರಾಜಪೇಟೆಯಲ್ಲಿ, ಬೈಂಡಿಂಗ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಎರಡು ಕೋಣೆ, ಮೂರು ಕಂಪ್ಯೂಟರು, ಒಂದು ಪ್ರಿಂಟರು. ಶಾಲೆಗಳ ಫಲಿತಾಂಶ, ಸಂಘಗಳ ಸದಸ್ಯರ ಪಟ್ಟಿ, ಲೈಬ್ರರಿಗಳ ಪುಸ್ತಕದ ಪಟ್ಟಿ, ಇಂಥವನ್ನು ಕಂಪ್ಯೂಟರಿಗೆ ತುಂಬಿ, ಸಾಲುಗಟ್ಟಿಸಿ, ಕಾಗದದ ಮೇಲೆ ತೆಗೆದುಕೊಡುವುದು ನಮ್ಮ ಕಸುಬು. ಬಸವನಗುಡಿಯ ಮನೆಯಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ನಡೆದೇ ಹೋಗುತ್ತಿದ್ದೆ. ನನಗಾಗ ಇಪ್ಪತ್ತೆರಡು. ಆ ಆಫೀಸಿನಲ್ಲಿ ಪ್ರೋಗ್ರಾಂ ಬರೆಯಬಲ್ಲವಳು ನಾನೊಬ್ಬಳೇ. ಮನೆಯಲ್ಲಿ, ನೆರೆಹೊರೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಲೆಯೊಳಗೆ, ನಾನು ದೊಡ್ಡ ಮನುಷ್ಯಳಾಗಿಬಿಟ್ಟಿದ್ದೆ.

ಹೊರಗಿನವರು ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಯಂತ್ರ ಎಂದುಕೊಂಡಿದ್ದರು. ಲೆಕ್ಕ ಅದಕ್ಕೆ ಕ್ಷಣದ ಕೆಲಸ. ನನ್ನ ದಿನವೆಲ್ಲ ಹೋಗುತ್ತಿದ್ದದ್ದು ಆ ಲೆಕ್ಕ ಕಣ್ಣಿಗೆ ಕಾಣುವ ಹಾಗೆ ಮಾಡುವುದರಲ್ಲಿ. ಕಪ್ಪು ಪರದೆಯ ಮೇಲೆ ಒಂದು ಸಾಲಿಗೆ ಎಂಬತ್ತು ಅಕ್ಷರ, ಅಕ್ಷರಕ್ಕೊಂದು ಮನೆ. ಪ್ರಿಂಟರಿನಲ್ಲೂ ಅಷ್ಟೇ. ಹೆಸರಿಗೆ ಎಷ್ಟು ಮನೆ, ಅಂಕಕ್ಕೆ ಎಷ್ಟು, ನಡುವೆ ಖಾಲಿ ಎಷ್ಟು ಎಂದು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಎಣಿಸಿ, ಅದನ್ನು ಪ್ರೋಗ್ರಾಮಿನಲ್ಲಿ ಬರೆಯಬೇಕು. ಒಂದು ಮನೆ ತಪ್ಪಿದರೆ ಅಲ್ಲಿಂದ ಮುಂದಿನ ಸಾಲೆಲ್ಲ ಪಕ್ಕಕ್ಕೆ ಸರಿದು, ವಿಜ್ಞಾನದ ಅಂಕ ಸಮಾಜದ ತಲೆಬರಹದ ಕೆಳಗೆ ಹೋಗಿ ಕೂರುತ್ತಿತ್ತು. ಮೊದಲು ಫೈಲಿಗೆ ಬರೆಸುತ್ತಿದ್ದೆ. ಆಮೇಲೆ ಪರದೆಯ ಮೇಲೆ ನೋಡುತ್ತಿದ್ದೆ. ಸರಿ ಎನಿಸಿದರೆ ಕಾಗದಕ್ಕೆ ಬಿಡುತ್ತಿದ್ದೆ.

ಮಾಲೀಕರನ್ನು ನಾವು ಸಾರ್ ಎನ್ನುತ್ತಿದ್ದೆವು. ಅವರಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ಆದರೆ ಅವರ ಮೇಜಿನ ಮೇಲೆ ಒಂದು ಸ್ಟೀಲ್ ಸ್ಕೇಲು ಸದಾ ಇರುತ್ತಿತ್ತು. ಪ್ರಿಂಟರಿನಿಂದ ಹಾಳೆ ಬಂದ ತಕ್ಷಣ ಅಂಕಣದ ಪಕ್ಕ ಸ್ಕೇಲನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಬಡಗಿಯ ಹಾಗೆ ನೋಡುತ್ತಿದ್ದರು. ಸೇರಿದ ಹೊಸದರಲ್ಲಿ ನನ್ನ ಪಟ್ಟಿಯೊಂದು ವಕ್ರವಾಗಿತ್ತು. ಬೈಂಡಿಂಗ್ ಅಂಗಡಿಯವರನ್ನೂ ಮೇಲಕ್ಕೆ ಕರೆಸಿ ಅವರ ಮುಂದೆ ಹಾಳೆ ಹಿಡಿದರು.

“ಏನಮ್ಮಾ ಇದು? ಪಟ್ಟೀನೋ, ಹಲ್ಲುದುರಿದ ಬಾಯೋ?”

ಎಲ್ಲರೂ ನಕ್ಕರು. ಆಮೇಲೆ ಆ ಹಾಳೆಯ ಪ್ರತಿ ಸಾಲನ್ನೂ, ಖಾಲಿ ಜಾಗವನ್ನು ಸೇರಿಸಿ, ನನ್ನ ಕೈಲಿ ಜೋರಾಗಿ ಓದಿಸಿದರು. ‘ಖಾಲಿ, ಖಾಲಿ, ಐವತ್ತೆರಡು, ಖಾಲಿ.’ ನಲವತ್ತು ಸಾಲು. ನಾನು ಅಳಲಿಲ್ಲ. ಇನ್ನು ಮುಂದೆ ನನ್ನ ಅಂಕಣ ಒಂದು ಕೂದಲೆಳೆಯಷ್ಟೂ ಓರೆಯಾಗಬಾರದು ಎಂದು ನಿಶ್ಚಯಿಸಿದೆ. ಆಗಲೂ ಇಲ್ಲ. ಜೊತೆಗೆ ಇನ್ನೊಂದನ್ನೂ ಕಲಿತೆ. ಈ ಕೋಣೆಯಲ್ಲಿ ಯಾರಾದರೂ ಒಬ್ಬರು ನಗೆಪಾಟಲಾಗಲೇಬೇಕು, ಅದು ನಾನಲ್ಲದಿದ್ದರೆ ಸಾಕು.

ಆ ಇನ್ನೊಬ್ಬರು ಬೇಗ ಸಿಕ್ಕಿದರು. ಸುಮಾರು ಐವತ್ತೆಂಟು ವರ್ಷದ, ಕುಳ್ಳಗಿನ, ಸದಾ ತೋಳು ಮಡಿಸಿದ ಬಿಳಿ ಅಂಗಿಯ ಮನುಷ್ಯ. ಮೂವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಆ ಮುದ್ರಣಾಲಯ ಮುಚ್ಚಿತ್ತು. ಸಾರ್ ಅವರನ್ನು ಕರಡು ನೋಡಲು ಇಟ್ಟುಕೊಂಡರು. ಪ್ರತಿ ಹಾಳೆಯನ್ನೂ ಓದಿ, ತಪ್ಪಿದ್ದರೆ ಗುರುತು ಹಾಕಿ, ಸರಿಯಿದ್ದರೆ ಕೆಳಗಿನ ಮೂಲೆಯಲ್ಲಿ ಸಹಿ ಮಾಡುವುದು ಅವರ ಕೆಲಸ. ಸೀಸದ ಅಕ್ಷರ ಹಿಡಿದು ಹಿಡಿದು ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಮೊಳೆಗಳನ್ನು ತಲೆಕೆಳಗಾಗಿ ಓದಿ ಅಭ್ಯಾಸವಾದ್ದರಿಂದ ಯಾವ ಹಾಳೆಯನ್ನು ಹೇಗೆ ಹಿಡಿದರೂ ಸರಾಗವಾಗಿ ಓದುತ್ತಿದ್ದರು. ಸಾರ್‌ಗೆ ಇದು ತಮಾಷೆಯಾಯಿತು. ಯಾರಾದರೂ ಗಿರಾಕಿ ಬಂದರೆ ಹಾಳೆಯನ್ನು ತಿರುಗಾಮುರುಗಾ ಮಾಡಿ ಅವರ ಮುಂದೆ ಹಿಡಿದು, “ಓದ್ರಿ ಸ್ವಾಮಿ, ಇವರಿಗೆ ತೋರ್ಸಿ” ಎನ್ನುತ್ತಿದ್ದರು. ಅವರು ಎದ್ದು ನಿಂತು ಓದುತ್ತಿದ್ದರು. ಗಿರಾಕಿ ಚಪ್ಪಾಳೆ ತಟ್ಟುತ್ತಿದ್ದ.

ಅವರಿಗೆ ‘ಮೊಳೆ ತಾತ’ ಎಂದು ಅಡ್ಡಹೆಸರಿಟ್ಟವಳು ನಾನು. ಅವರ ಕಿವಿಗೆ ಬೀಳುವ ಹಾಗೆಯೇ ಹೇಳಿದ್ದೆ. ಸಾರ್ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಆಫೀಸಿನಲ್ಲಿ ನನ್ನ ಮರ್ಯಾದೆ ಒಂದು ಮೆಟ್ಟಿಲು ಮೇಲೇರಿತು.

ಅವರು ನನ್ನನ್ನು ‘ತಾಯಿ’ ಎನ್ನುತ್ತಿದ್ದರು, ಬಹುವಚನದಲ್ಲೇ ಮಾತಾಡುತ್ತಿದ್ದರು. ಒಮ್ಮೆ ನನ್ನ ಹಾಳೆ ನೋಡಿ, “ಅಂಕಣದ ನಡುವೆ ಸ್ವಲ್ಪ ಉಸಿರಾಡೋಕೆ ಜಾಗ ಬಿಡಿ ತಾಯಿ. ನಾವು ಮೊಳೆ ಜೋಡಿಸೋವಾಗ ಮೊದಲು ಅತಿ ಉದ್ದದ ಪದ ಯಾವ್ದು ಅಂತ ಹುಡುಕ್ತಿದ್ವಿ. ಅದು ಕೂತ್ರೆ ಮಿಕ್ಕಿದ್ದೆಲ್ಲ ಕೂರುತ್ತೆ” ಎಂದರು. ನಾನು ಪರದೆಯಿಂದ ಕಣ್ಣು ತೆಗೆಯದೆ, “ಇದು ಸೀಸ ಅಲ್ಲ” ಎಂದೆ.

ಆ ವರ್ಷ ಏಳು ಹೈಸ್ಕೂಲುಗಳು ಸೇರಿ ಹತ್ತನೇ ತರಗತಿಗೆ ಒಂದೇ ಪ್ರಿಪರೇಟರಿ ಪರೀಕ್ಷೆ ನಡೆಸಿದವು. ಒಂದು ಶಾಲೆಯ ಉತ್ತರಪತ್ರಿಕೆಗಳನ್ನು ಇನ್ನೊಂದು ಶಾಲೆಯವರು ತಿದ್ದುವ ಏರ್ಪಾಡು. ಅಂಕಗಳೆಲ್ಲ ನಮ್ಮಲ್ಲಿಗೆ ಬಂದು, ನಾವು ಪಟ್ಟಿ ಮಾಡಿ ಶಾಲೆಗಳಿಗೆ ಕೊಡಬೇಕು, ಅವರು ಅದನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಆರು ವಿಷಯ, ಎಲ್ಲಕ್ಕೂ ನೂರು ಅಂಕ. ಅರ್ಧವಾರ್ಷಿಕದ ಅಂಕವನ್ನೂ ಪಕ್ಕದಲ್ಲೇ ಕೊಡಿ, ತಂದೆತಾಯಿಗಳು ಹೋಲಿಸಿ ನೋಡಲಿ ಎಂದು ಶಾಲೆಗಳು ಕೇಳಿದವು. ಅಲ್ಲಿಗೆ ಹನ್ನೆರಡು ಅಂಕಣ. ನಪಾಸಾದ ಅಂಕದ ಮುಂದೆ ಒಂದು ನಕ್ಷತ್ರದ ಚಿಹ್ನೆ. ನಕಲು ಮಾಡಿ ಸಿಕ್ಕಿಬಿದ್ದವರಿಗೆ ಅಂಕದ ಜಾಗದಲ್ಲೇ ಎರಡು ನಕ್ಷತ್ರ. ಹಾಳೆಯ ಬುಡದಲ್ಲಿ ಅದರ ಅರ್ಥ ಅಚ್ಚಾಗಬೇಕು.

ಚೌಕುಳಿ ಹಾಳೆ ಹಿಡಿದು ಕೂತೆ. ಅಂಕಕ್ಕೆ ಮೂರು ಮನೆ ಕೊಟ್ಟರೆ ಸಾಲು ಎಂಬತ್ತನ್ನು ದಾಟಿ ಕೆಳಗೆ ಮುರಿದು ಬೀಳುತ್ತಿತ್ತು. ಎರಡು ಮನೆ ಕೊಟ್ಟರೆ ಎಪ್ಪತ್ತೆಂಟಕ್ಕೆ ಮುಗಿಯುತ್ತಿತ್ತು. ಸಾರ್‌ಗೆ ತೋರಿಸಿ, ಯಾರಾದರೂ ನೂರು ತೆಗೆದುಕೊಂಡರೆ ಹಿಡಿಯುವುದಿಲ್ಲ ಎಂದೆ.

“ಪ್ರಿಪರೇಟರೀಲಿ ನೂರಕ್ಕೆ ನೂರು ಯಾವನಮ್ಮಾ ಕೊಡ್ತಾನೆ? ಮಕ್ಕಳನ್ನ ಹೆದರಿಸೋಕೆ ಅಂತಾನೇ ಬಿಗಿಯಾಗಿ ತಿದ್ದಿರ್ತಾರೆ. ಎರಡೇ ಇರ್ಲಿ. ನೀಟಾಗಿ ಕಾಣತ್ತೆ.”

ನಾನೂ ವಾದಿಸಲಿಲ್ಲ. ಉಳಿದ ಎರಡು ಮನೆಗಳನ್ನು ಎಡಕ್ಕೊಂದು ಬಲಕ್ಕೊಂದು ಅಂಚಾಗಿ ಬಿಟ್ಟೆ. ಚೌಕಟ್ಟು ಹಾಕಿದ ಚಿತ್ರದ ಹಾಗೆ ಕಾಣುತ್ತಿತ್ತು. ಅದೇ ಎರಡು ಮನೆಗಳನ್ನು ಗಣಿತದ ಎರಡು ಅಂಕಣಗಳಿಗೆ ಕೊಟ್ಟಿದ್ದರೆ ಎಲ್ಲವೂ ಸರಿಯಾಗಿ ಕೂರುತ್ತಿತ್ತು. ನೂರು ಬಂದರೆ ಬರುವುದು ಗಣಿತದಲ್ಲೇ ಎನ್ನುವುದು ಯಾರಿಗೆ ತಾನೆ ಗೊತ್ತಿರಲಿಲ್ಲ? ನಾನು ಅವನ್ನು ಅಂದಕ್ಕೆ ಖರ್ಚು ಮಾಡಿದೆ.

ಪ್ರಿಂಟರು ಬೆಳಗಿನಿಂದ ಕಿರ್ರೆಂದು ಅರಚಿ ಮಧ್ಯಾಹ್ನದ ಹೊತ್ತಿಗೆ ಮುಗಿಸಿತು. ಸಾರ್ ಸ್ಕೇಲು ಇಟ್ಟು ನೋಡಿದರು. ಶಾಲೆಯೊಂದರ ಹೆಡ್‌ಮಾಸ್ಟರ್ ಎದುರಿಗೇ ಕೂತಿದ್ದರು. “ನೋಡಿ ಸಾರ್, ನಮ್ಮ ಹುಡುಗಿ ಹಾಕಿರೋ ಸಾಲು. ದಾರ ಹಿಡಿದ್ರೂ ಹೀಗೆ ಬರಲ್ಲ” ಎಂದರು. ಸಾರ್ ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕರಡು ನೋಡುವವರು ಒಂದು ಹಾಳೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ತಾಯಿ, ಈ ಮಗೂದು ಒಂದ್ಸಲ ನೋಡಿ. ಗಣಿತದಲ್ಲಿ ಎರಡು ನಕ್ಷತ್ರ ಇದೆ. ಆದ್ರೆ ಮಿಕ್ಕ ಐದು ಕೂಡಿದ್ರೆ ನಾನೂರ ಒಂಬತ್ತು. ಟೋಟಲ್ ಐನೂರ ಒಂಬತ್ತು ಬಂದಿದೆ. ನಕಲು ಮಾಡಿದ್ರೆ ಟೋಟಲೇ ಬರಬಾರ್ದು ಅಲ್ವಾ?”

“ನೀವು ಕೂಡ್ತಾ ಕೂತಿದೀರಾ? ಕೂಡೋಕೇ ಕಂಪ್ಯೂಟರ್ ಇರೋದು.”

“ಅದೇ ತಾಯಿ. ಕಂಪ್ಯೂಟರ್ ಸರಿಯಾಗೇ ಕೂಡಿದೆ ಅನ್ಸತ್ತೆ. ತೋರ್ಸೋದ್ರಲ್ಲಿ ಏನೋ...”

“ನಿಮ್ಮನ್ನ ಅಕ್ಷರ ಉದುರಿದೆಯಾ ಅಂತ ನೋಡೋಕೆ ಇಟ್ಟಿರೋದು. ನೋಡಿ, ಸೈನ್ ಹಾಕಿ. ಶಾಲೆಯೋರು ಕೆಳಗೆ ಕಾಯ್ತಿದಾರೆ.” ಹೆಡ್‌ಮಾಸ್ಟರಿಗೆ ಕೇಳಿಸಲಿ ಎಂದು ದನಿ ಎತ್ತರಿಸಿಯೇ ಹೇಳಿದೆ.

ಅವರು ತಮ್ಮ ಜಾಗಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಸಹಿ ಮಾಡಿದ ಕಟ್ಟನ್ನು ತಂದಿಟ್ಟರು. ನನಗೆ ಮನಸ್ಸು ತಡೆಯದೆ ಆ ಹುಡುಗಿಯ ದಾಖಲೆಯನ್ನು ಪರದೆಯ ಮೇಲೆ ತೆರೆದೆ. ಗಣಿತ: 100.

ನಾವು ಬಳಸುತ್ತಿದ್ದ ಭಾಷೆಯಲ್ಲಿ, ಕೊಟ್ಟ ಜಾಗದೊಳಗೆ ಸಂಖ್ಯೆ ಹಿಡಿಯದಿದ್ದರೆ ಅದು ಸುಳ್ಳು ಸಂಖ್ಯೆಯನ್ನು ತೋರಿಸುತ್ತಿರಲಿಲ್ಲ. ‘ಇಲ್ಲಿ ಹಿಡಿಯಲಿಲ್ಲ’ ಎಂದು ತಿಳಿಸಲು ಅಷ್ಟೂ ಜಾಗಕ್ಕೆ ನಕ್ಷತ್ರ ತುಂಬುತ್ತಿತ್ತು. ಇದು ನನಗೆ ಗೊತ್ತಿತ್ತು. ಸೇರಿದ ವಾರದಲ್ಲೇ ಓದಿದ್ದೆ. ಎರಡು ಮನೆಗೆ ಎರಡು ನಕ್ಷತ್ರ. ಅದೇ ಚಿಹ್ನೆಯನ್ನು ನಾನು ನಕಲು ಮಾಡಿದವರಿಗೆ ಕೊಟ್ಟಿದ್ದೆ.

ಏಳು ಶಾಲೆಗಳಲ್ಲಿ ನೂರು ತೆಗೆದವಳು ಅವಳೊಬ್ಬಳೇ. ಒಂದೇ ಒಂದು ಸಾಲು. ಹೇಳಿದ್ದರೆ ಆ ಒಂದು ಹಾಳೆಯನ್ನು ಮತ್ತೆ ತೆಗೆಯಬಹುದಿತ್ತು. ಆದರೆ ಹೇಳಬೇಕಾದದ್ದು ಸಾರ್‌ಗೆ, ಹೆಡ್‌ಮಾಸ್ಟರ್ ಎದುರಿಗೆ, ಹೊಗಳಿಕೆ ಇನ್ನೂ ಕಿವಿಯಲ್ಲಿ ಬಿಸಿಯಾಗಿರುವಾಗ. ಹೇಳಿದರೆ ಸ್ಕೇಲು ನನ್ನ ಕಡೆ ತಿರುಗುತ್ತಿತ್ತು, ಕಂಡುಹಿಡಿದವರು ಮೊಳೆ ತಾತ ಎಂದಾಗುತ್ತಿತ್ತು. ಕಟ್ಟನ್ನು ಬಿಚ್ಚಿ ಆ ಹಾಳೆ ತೆಗೆದೆ. ಅವರು ಸಹಿ ಮಾಡಿದ್ದರು. ಜೊತೆಗೆ ನಕ್ಷತ್ರಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘100?’ ಎಂದು ಬರೆದಿದ್ದರು.

ನನ್ನ ಡ್ರಾಯರಿನಲ್ಲಿ ರಬ್ಬರಿತ್ತು. ಅಂಗೈ ಅಡ್ಡ ಹಿಡಿದು, ಕಾಗದ ಸವೆಯದ ಹಾಗೆ ಮೆಲ್ಲಗೆ ಉಜ್ಜಿದೆ. ಪುಡಿಯನ್ನು ಊದಿದೆ. ಕಟ್ಟು ಕಟ್ಟಿ ಕೆಳಗೆ ಕಳಿಸಿದೆ.

ನಾಲ್ಕನೆಯ ದಿನ ಆ ಹುಡುಗಿ ತಂದೆಯ ಜೊತೆ ಆಫೀಸಿಗೆ ಬಂದಳು. ಸಮವಸ್ತ್ರದಲ್ಲಿದ್ದಳು, ಎರಡು ಜಡೆ, ಕಣ್ಣು ಊದಿಕೊಂಡಿತ್ತು. ತಂದೆ ಯಾವುದೋ ಕಚೇರಿಯ ಗುಮಾಸ್ತರು. ಮಾತು ಕಡಿಮೆ, ತುಟಿ ಬಿಗಿ. ಉತ್ತರಪತ್ರಿಕೆ ತಿದ್ದಿದ್ದು ಬೇರೆ ಶಾಲೆಯವರಾದ್ದರಿಂದ ಹೆಡ್‌ಮಿಸ್ಟ್ರೆಸ್ಸರು ಪಟ್ಟಿಯಲ್ಲಿದ್ದದ್ದನ್ನು ನಂಬಿಬಿಟ್ಟಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಅವಳನ್ನು ಸಾಲಿನಿಂದ ಹೊರಗೆ ಕರೆದು, ಇಡೀ ಶಾಲೆಯ ಮುಂದೆ ಮೂರು ದಿನ ನಿಲ್ಲಿಸಿದ್ದರು. ಕೇಳಬೇಕಿದ್ದರೆ ಕಂಪ್ಯೂಟರಿನವರನ್ನು ಕೇಳಿ ಎಂದು ತಂದೆಯನ್ನು ನಮ್ಮಲ್ಲಿಗೆ ಕಳಿಸಿದ್ದರು.

ಸಾರ್ ಆ ಇಬ್ಬರನ್ನು ಒಳಕ್ಕೂ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, “ಕಂಪ್ಯೂಟರ್ ಸುಳ್ಳು ಹೇಳಲ್ಲ ಸಾರ್. ಮನುಷ್ಯರು ಹೇಳ್ತಾರೆ” ಎಂದರು.

“ಅಪ್ಪಾ, ಟೋಟಲ್ ಕೂಡಿಸಿ ನೋಡಿ ಅಂತ ಹೇಳಪ್ಪಾ,” ಹುಡುಗಿ ಅಂದಳು. ಅವಳ ಕೈಯಲ್ಲಿ ನೋಟ್‌ಬುಕ್ಕಿನ ಹಾಳೆಯಿತ್ತು. ಐದು ಅಂಕ ಬರೆದು ಕೂಡಿ, ಕೆಳಗೆ ನೂರು ಎಂದು ಬರೆದು ಎರಡು ಸಲ ಗೆರೆ ಎಳೆದಿದ್ದಳು. “ಪಾಸ್ ಅಂತಾನೂ ಬಂದಿದೆ ಸಾರ್. ನಕಲಾಗಿದ್ರೆ ಪಾಸ್ ಯಾಕೆ ಬರತ್ತೆ?”

“ಏನ್ ಸಾರ್, ಮಗಳಿಗೆ ಮಾತು ಚೆನ್ನಾಗಿ ಕಲಿಸಿದೀರ,” ಸಾರ್ ನಕ್ಕರು.

ಹುಡುಗಿ ಅವರ ಭುಜದಾಚೆ ನನ್ನನ್ನು ನೋಡಿದಳು. ಕೋಣೆಯಲ್ಲಿದ್ದ ಹೆಂಗಸು ನಾನೊಬ್ಬಳೇ. “ಅಕ್ಕಾ, ನೀವಾದ್ರೂ ನೋಡಿ.”

ನೋಡಲು ನನಗೇನೂ ಬೇಕಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. “ಶಾಲೆಯಿಂದ ಏನು ಬಂತೋ ಅದನ್ನೇ ಹಾಕಿರೋದು,” ಎಂದೆ.

ತಂದೆ ಅವಳ ಕೆನ್ನೆಗೆ ಹೊಡೆದರು. ಬಲವಾಗಿ, ಒಂದೇ ಏಟು. ಅವಳು ಮೆಟ್ಟಿಲಿನ ಕಟಕಟೆಗೆ ತಗುಲಿ ನಿಂತಳು. ಹಾಳೆ ಕೆಳಗೆ ಬಿತ್ತು. “ಹಿರಿಯರ ಮುಂದೆ ವಾದ ಬೇರೆ,” ಎಂದು ಅಷ್ಟೇ ಹೇಳಿ ಅವರು ಇಳಿಯತೊಡಗಿದರು. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನನ್ನನ್ನೇ ಇನ್ನೊಂದು ಕ್ಷಣ ನೋಡಿ ಹಿಂದೆಯೇ ಇಳಿದಳು.

ಕರಡು ನೋಡುವವರು ಎದ್ದರು. ಬಿದ್ದಿದ್ದ ಹಾಳೆಯನ್ನು ಎತ್ತಿಕೊಂಡು, ಸಾರ್ ಕೂಗುತ್ತಿದ್ದರೂ ನಿಲ್ಲದೆ, ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಓಡಿದರು. ಅಂದು ವಾಪಸ್ಸು ಬರಲಿಲ್ಲ.

ಆಮೇಲೆ ತಿಳಿದಂತೆ, ಅವರು ಮಾಡಿದ್ದು ಇಷ್ಟು. ಹುಡುಗಿಯ ಶಾಲೆಗೆ ಹೋದರು. ಹೆಡ್‌ಮಿಸ್ಟ್ರೆಸ್ ಸಿಗಲಿಲ್ಲ. ಮಾರನೆಯ ದಿನ ಮತ್ತೆ ಹೋದರು. ಗಣಿತದ ಮೇಡಮ್ಮನ್ನು ಹಿಡಿದು, ಅವರ ಜೊತೆ ತಿದ್ದಿದ ಶಾಲೆಗೆ ಹೋಗಿ, ಕಟ್ಟಿನಿಂದ ಉತ್ತರಪತ್ರಿಕೆಯನ್ನು ಹುಡುಕಿಸಿ ತೆಗೆಸಿದರು. ಮೇಲುಗಡೆ ಕೆಂಪು ಶಾಯಿಯಲ್ಲಿ ನೂರು ಎಂದಿತ್ತು. ಕೆಳಗೆ ಯಾರೋ ಅಪರಿಚಿತ ಮೇಷ್ಟ್ರು ‘ಶಭಾಷ್’ ಎಂದೂ ಬರೆದಿದ್ದರು.

ಹೆಡ್‌ಮಿಸ್ಟ್ರೆಸ್ ಫೋನು ಮಾಡಿದ ಮೇಲೆ ಸಾರ್ ನಮ್ಮಿಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿದರು. ಶಾಲೆ ಹಿಂದಿರುಗಿಸಿದ್ದ ಹಾಳೆ ಅವರ ಮುಂದಿತ್ತು, ಮೂಲೆಗಳಲ್ಲಿ ಗುಂಡುಪಿನ್ನಿನ ತೂತುಗಳೊಂದಿಗೆ.

“ಇದು ಯಾರ ಸೈನು?”

“ನಂದೇ ಸಾರ್,” ಅವರೆಂದರು. “ಆದ್ರೆ ನಾನು ಅವತ್ತೇ ಹೇಳಿದ್ದೆ. ಪಕ್ಕದಲ್ಲಿ ಪೆನ್ಸಿಲಲ್ಲಿ ಬರೆದೂ ಇದ್ದೆ.”

ಸಾರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಚೆನ್ನಾಗಿಯೇ ಉಜ್ಜಿದ್ದೆ.

“ಎಲ್ಲಿದೆ? ನನಗೇನೂ ಕಾಣ್ತಿಲ್ಲವಲ್ಲ. ನೀವು ತಲೆಕೆಳಗಾಗಿ ಓದೋರು, ನಿಮಗೆ ಕಾಣತ್ತೇನೋ.” ಹಾಳೆಯನ್ನು ತಿರುಗಿಸಿ ಅವರ ಮುಖದ ಮುಂದೆ ಹಿಡಿದರು. “ಓದಿ ಸ್ವಾಮಿ. ಓದಿ.”

ಅವರು ಓದಲಿಲ್ಲ. ನನ್ನ ಕಡೆ ತಿರುಗಿದರು. “ತಾಯಿ, ನಾನು ಬಂದು ಹೇಳ್ಲಿಲ್ವಾ?”

“ಏನಮ್ಮಾ, ಹೇಳಿದ್ರಾ?” ಸಾರ್ ಕೇಳಿದರು.

ನನಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು. ಬಾಯಿತಪ್ಪಿ ಬಂದ ಮಾತಲ್ಲ ಅದು. “ಏನೋ ಗೊಣಗ್ತಾ ಇದ್ರು ಸಾರ್. ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಬರೆದಿದ್ದೇನೂ ನಾನು ನೋಡ್ಲಿಲ್ಲ. ಸೈನ್ ಇದ್ದಿದ್ದಕ್ಕೆ ಸರಿಯಾಗಿದೆ ಅಂದ್ಕೊಂಡೆ.”

ಅವರು ತಲೆ ಬಗ್ಗಿಸಿದರು. ಅವಮಾನದಿಂದ ಬಗ್ಗಿಸಿದ್ದಲ್ಲ ಎಂದು ಆಗಲೇ ನನಗೆ ಗೊತ್ತಾಯಿತು. ಅವರಿಗೆ ನನ್ನ ಮುಖ ನೋಡಲು ಆಗಲಿಲ್ಲ.

“ಒಳಗಿನ ತಪ್ಪನ್ನ ಊರೆಲ್ಲ ಸಾರಿಕೊಂಡು ಬಂದ್ರಲ್ಲಾ,” ಸಾರ್ ಹೇಳಿದರು, “ನಾಳೆಯಿಂದ ಬರ್ಬೇಡಿ.”

ಅವರು ಮೇಜಿನಿಂದ ತಮ್ಮ ಪೆನ್ಸಿಲು, ಕನ್ನಡಕದ ಡಬ್ಬಿ, ಊಟದ ಡಬ್ಬಿ ತೆಗೆದುಕೊಂಡು ಹೋದರು. ಇಳಿಯುವಾಗ ಬೈಂಡಿಂಗ್ ಅಂಗಡಿಯವರು “ಏನ್ ಮೊಳೆ ತಾತ, ಬೇಗ ಹೊರಟ್ರಿ?” ಎಂದು ಕೇಳಿದ್ದು ಮೇಲಕ್ಕೆ ಕೇಳಿಸಿತು. ಹೆಸರು ಕೆಳಗಿನ ಮಹಡಿಗೂ ಇಳಿದಿದೆ ಎಂದು ಆಗ ಗೊತ್ತಾಯಿತು.

ಶಾಲೆಗೆ ಒಂದು ತಿದ್ದುಪಡಿ ಪತ್ರ ಹೋಯಿತು. ಅದನ್ನು ಸಿದ್ಧಮಾಡಿದವಳೂ ನಾನೇ. ‘ತಾಂತ್ರಿಕ ದೋಷದಿಂದ ಇಂಥ ಸಂಖ್ಯೆಯ ವಿದ್ಯಾರ್ಥಿನಿಯ ಗಣಿತದ ಅಂಕ ಸರಿಯಾಗಿ ಮುದ್ರಿತವಾಗಿರುವುದಿಲ್ಲ.’ ಪ್ರಾರ್ಥನೆಯಲ್ಲಿ ಅದನ್ನು ಓದಿ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ. ಗಣಿತಕ್ಕೆ ಮೂರು ಮನೆ ಕೊಟ್ಟು ಪ್ರೋಗ್ರಾಂ ತಿದ್ದಿದೆ. ಐದು ನಿಮಿಷದ ಕೆಲಸ. ಮರುವರ್ಷ ಸಾರ್ ಕೊಟ್ಟ ಒಳ್ಳೆಯ ಶಿಫಾರಸು ಪತ್ರ ಹಿಡಿದು ದೊಡ್ಡ ಕಂಪನಿಗೆ ಸೇರಿದೆ. ಅಲ್ಲಿಯೂ ಬಹಳ ವರ್ಷ ಮಾಡಿದ್ದು ಇದೇ ಕೆಲಸ. ಯಂತ್ರಗಳು ತಮ್ಮೊಳಗೆ ಏನಾಯಿತೆಂದು ಫೈಲಿಗೆ ಬರೆಯುವ ಸಾಲುಗಳನ್ನು ಮನುಷ್ಯರು ಓದುವ ಹಾಗೆ ಜೋಡಿಸುವುದು. ಕೈಕೆಳಗಿನ ಹುಡುಗ ಹುಡುಗಿಯರ ತಪ್ಪನ್ನು ಎಲ್ಲರೆದುರಿಗೆ ಎತ್ತಿ ಹಿಡಿಯುವುದರಲ್ಲಿ ನಾನು ಹೆಸರುವಾಸಿಯಾಗಿದ್ದೆ. ಒಬ್ಬಳು ನನ್ನಿಂದಾಗಿಯೇ ಕೆಲಸ ಬಿಟ್ಟಳು. ಪಶ್ಚಾತ್ತಾಪದಿಂದ ಒಳ್ಳೆಯವಳಾದೆ ಎಂದು ಬರೆಯಲು ನನಗೆ ಆಧಾರವಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ತಮ್ಮನ ಮದುವೆಯ ಕರೆಯೋಲೆ ಮಾಡಿಸಲು ಚಾಮರಾಜಪೇಟೆಯ ಅಂಗಡಿಯೊಂದಕ್ಕೆ ಹೋದೆ. ಕರಡು ತೋರಿಸಲು ಒಳಗಿನಿಂದ ಬಂದವರು ಅವರೇ. ಎಪ್ಪತ್ತಾಗಿರಬೇಕು. ಕೂದಲೆಲ್ಲ ಹೋಗಿತ್ತು, ಹೆಬ್ಬೆರಳು ಹಾಗೆಯೇ ಇತ್ತು. ನನ್ನನ್ನು ಗುರುತಿಸಿದರು. ಆದರೂ ಮೊದಲು ಕರಡನ್ನೇ ಮುಂದಿಟ್ಟರು. “ವರನ ತಾತನ ಹೆಸರು ಒಂದ್ಸಲ ನೋಡ್ಕೊಳ್ಳಿ. ದೀರ್ಘ ಬರ್ಬೇಕಾ?”

ನಾನು ನೋಡಿದೆ. ಸರಿಯಿದೆ ಎಂದೆ. ಆಮೇಲೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದು ಕಂಡು ಹೇಳಿದೆ. “ಆ ಪೆನ್ಸಿಲ್ ಗುರುತನ್ನ ಅಳಿಸಿದ್ದು ನಾನು.”

“ಗೊತ್ತಲ್ಲ,” ಅವರೆಂದರು. “ಕಾಗದದ ಮೇಲೆ ಉಜ್ಜಿದ್ರೆ ಹೊಳಪು ಹೋಗತ್ತೆ. ಸಾರ್ ಬೆಳಕಿಗೆ ಹಿಡಿದಾಗ್ಲೇ ಕಾಣ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಯಾರಿಗೆ ಹೇಳ್ಲಿ? ಅವರಿಗಾ?”

ಕ್ಷಮಿಸಿ ಎಂದೆ. ಬಹಳ ವರ್ಷದಿಂದ ಹೇಳಬೇಕೆಂದಿದ್ದೆ ಎಂದೆ. ಅವರು ಕರಡನ್ನು ಅಂಚು ಸರಿಯಾಗಿ ಜೋಡಿಸಿ ಮಡಿಸುತ್ತಿದ್ದರು.

“ಆ ಮಗೂ ಹತ್ರ ಹೋಗಿದ್ರಾ?”

“ಇಲ್ಲ.”

“ಮತ್ತೆ ನನ್ನ ಹತ್ರ ಯಾಕೆ ಪಾಪ ಕಳ್ಕೊಳ್ತಿದೀರಾ? ಎದುರಿಗೆ ಸಿಕ್ಕಿದೆ ಅಂತಾನಾ?” ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೆ ಬೇರೆ ಕೆಲಸ ಸಿಕ್ತು. ಆರು ತಿಂಗಳು ಕಷ್ಟ ಆಯ್ತು, ಆಮೇಲೆ ಸಿಕ್ತು. ಅವಳು ಮುಂದೆ ಗಣಿತ ತಗೊಳ್ಳಲೇ ಇಲ್ಲ. ಈಗ ಸ್ಕೂಲಲ್ಲಿ ಇತಿಹಾಸ ಪಾಠ ಮಾಡ್ತಾಳೆ. ಹಬ್ಬಕ್ಕೆ ನನ್ನ ಕರೀತಾಳೆ.” ಹಾಳಾದ ಕರೆಯೋಲೆಯೊಂದರ ಹಿಂದೆ ವಿಳಾಸ ಬರೆದು ನನ್ನ ಮುಂದೆ ತಳ್ಳಿದರು. “ಹೋಗೋದಾದ್ರೆ ಹೋಗಿ. ಇಲ್ದಿದ್ರೆ ಇದನ್ನ ಇಲ್ಲೇ ಬಿಟ್ಟು ಹೋಗಿ, ಚೀಲದಲ್ಲಿಟ್ಕೊಂಡು ತಿರುಗಬೇಡಿ.”

ಮುಂದಿನ ಭಾನುವಾರ ಬೆಳಗ್ಗೆ ಹೋದೆ. ಗಾಂಧಿ ಬಜಾರಿನಿಂದ ಎರಡು ರಸ್ತೆ ಆಚೆ, ಹಳೆಯ ವಠಾರದ ಕೊನೆಯ ಮನೆ. ಅವಳೇ ಬಾಗಿಲಿಗೆ ಬಂದಳು. ಎತ್ತರವಾಗಿದ್ದಳು, ಕನ್ನಡಕ ಬಂದಿತ್ತು. ನಾನು ಯಾರೆಂದು ಹೇಳಿದೆ. ಅವಳು ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಜಗಲಿಯ ಕಟ್ಟೆಯನ್ನು ತೋರಿಸಿದಳು. ಕೂತು, ಎರಡು ಅಂಕಿಯ ಜಾಗದಿಂದ ಹಿಡಿದು ರಬ್ಬರಿನವರೆಗೆ ಎಲ್ಲವನ್ನೂ ಹೇಳಿದೆ.

“ಅಪ್ಪ ಹೋಗಿ ಎರಡು ವರ್ಷ ಆಯ್ತು,” ಕೊನೆಗೆ ಹೇಳಿದಳು. “ನಾನು ಕಾಪಿ ಹೊಡೆದಿದ್ದೆ ಅಂತಾನೇ ನಂಬಿ ಹೋದ್ರು. ಆ ತಾತ ಬಂದು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ತಿದ್ದುಪಡಿ ಲೆಟರ್ ಬಂತಲ್ಲ, ಅದನ್ನ ನೋಡಿ, ಇವಳು ಹೆಡ್‌ಮಿಸ್ಟ್ರೆಸ್ ಕಾಲು ಹಿಡ್ಕೊಂಡು ಅತ್ತಿರ್ತಾಳೆ, ಪಾಪ ಅಂತ ಬರ್ಕೊಟ್ಟಿದಾರೆ ಅಂದ್ರು. ‘ದೋಷ’ ಅಂತ ಬರೆದಿದಾರೆ, ಯಾರ ದೋಷ ಅಂತ ಬರೆದಿಲ್ಲ ನೋಡು, ಅಂತ ನನಗೇ ತೋರಿಸಿದ್ರು. ಆಮೇಲೆ ನಾನು ಒಳ್ಳೆ ಮಾರ್ಕ್ಸ್ ತಗೊಂಡಾಗೆಲ್ಲ ಒಂದು ಥರ ನೋಡ್ತಿದ್ರು. ಕೇಳ್ತಿರ್ಲಿಲ್ಲ. ನೋಡ್ತಿದ್ರು ಅಷ್ಟೆ.”

ಅವಳು ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು, ಕೆಳಗಿಟ್ಟು ಬರೆಯಲು ಒಂದು ಪಠ್ಯಪುಸ್ತಕ ತಂದಳು.

“ಬರ್ಕೊಡಿ. ಅಮ್ಮ ಇನ್ನೂ ಇದಾರೆ.”

ತೊಡೆಯ ಮೇಲೆ ಇಟ್ಟುಕೊಂಡು ಬರೆದೆ. ಅವಳು ನಿಂತೇ ಓದಿದಳು. ಉತ್ತರಪತ್ರಿಕೆ ತಿದ್ದುವ ಮೇಡಮ್ಮನಂತೆ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದಳು.

“‘ತಪ್ಪಾಗಿದೆ’ ಅಂತ ಬರೆದಿದೀರಿ.”

“ಹೌದು.”

“ಯಾರು ಮಾಡಿದ್ದು?”

ಅದನ್ನು ಹೊಡೆದುಹಾಕಿ ‘ನಾನು ತಪ್ಪು ಮಾಡಿದೆ’ ಎಂದು ಬರೆದೆ. ಮುಂದಿನ ಸಾಲಿನಲ್ಲಿ ‘ಅಳಿಸಲಾಯಿತು’ ಎಂದಿದ್ದನ್ನು ಅವಳು ತೋರಿಸುವ ಮೊದಲೇ ‘ಅಳಿಸಿದೆ’ ಎಂದು ಮಾಡಿದೆ. ಅದಕ್ಕೂ ಮುಂದಿನ ಸಾಲಿಗೆ ಅವಳು ಮತ್ತೆ ಬೆರಳಿಟ್ಟಳು. ಮೂರು ಸಲ ತಿದ್ದಿದ ಮೇಲೆ ಕೆಳಗೆ ಹೆಸರು ಬರೆಸಿಕೊಂಡು ಒಳಗೆ ಹೋದಳು.

ಅವಳ ತಾಯಿಗೆ ಕಿವಿ ಮಂದವಿರಬೇಕು. ಅವಳು ಜೋರಾಗಿ, ಒಂದೊಂದೇ ಪದ ಬಿಡಿಸಿ ಓದಿದಳು. ಜಗಲಿಯ ಮೇಲೆ ಕೂತು ನನ್ನ ವಾಕ್ಯಗಳನ್ನೆಲ್ಲ ಕೇಳಿದೆ. ವಠಾರದ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ ಕೇಳಿದರು. ಓದುವುದು ಮುಗಿಯಿತು. ಆಮೇಲೆ ಮುದುಕಿಯ ದನಿ ಬಂತು.

“ಅವರಿದ್ದಾಗ ಯಾಕೆ ಬರ್ಲಿಲ್ವಂತೆ?”

ಮಗಳು ಬಾಗಿಲಿಗೆ ಬಂದು ನನ್ನನ್ನು ನೋಡಿದಳು, ಉತ್ತರ ನಾನೇ ಕೊಡಲಿ ಎನ್ನುವ ಹಾಗೆ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ವಠಾರದಿಂದ ಹೊರಟೆ.